ಅಥೆನ್ಸಿನ ಮೇಳ, ಹಚ್ಚೊಳ್ಳಿಯ ಅಟ್ಟ

ಕ್ರಿಸ್ತಪೂರ್ವ ಐದನೆಯ ಶತಮಾನ ಮುಗಿಯುತ್ತಿದ್ದ ಕಾಲ. ಅಥೆನ್ಸಿನ ನ್ಯಾಯಸಭೆಯಲ್ಲಿ ಲಂಚದ ಆರೋಪ ಹೊತ್ತ ಸಾಹುಕಾರನೊಬ್ಬ ತನ್ನ ಖರ್ಚಿನ ಪಟ್ಟಿ ಓದುತ್ತಿದ್ದಾನೆ. ರುದ್ರನಾಟಕದ ಮೇಳಕ್ಕೆ 3000 ದ್ರಾಕ್ಮ. ಎರಡು ತಿಂಗಳ ಬಳಿಕ ಬಂದ ಇನ್ನೊಂದು ಹಬ್ಬದಲ್ಲಿ ಗಂಡಸರ ಹಾಡುಮೇಳಕ್ಕೆ 2000. ಮರುವರ್ಷ ಕುಣಿತದವರಿಗೆ 800, ಡಯೋನೈಸಸ್ ದೇವರ ಹಬ್ಬದ ಮೇಳಕ್ಕೆ 5000. ಆಗ ಅಲ್ಲಿ ಒಬ್ಬ ನುರಿತ ಕಲ್ಲುಕುಟಿಗನ ದಿನಗೂಲಿ ಒಂದು ದ್ರಾಕ್ಮ. ಮೊದಲ ಬಾಬತ್ತೊಂದೇ ಆ ಕೂಲಿಕಾರನ ಹತ್ತು ವರ್ಷದ ದುಡಿಮೆಗೆ ಸಮ. ಈ ವಾದವನ್ನು ಬರೆದುಕೊಟ್ಟವನು ಲೈಸಿಯಾಸ್ ಎಂಬ ಹೆಸರಾಂತ ಭಾಷಣಕಾರ. ಆರೋಪಿಯ ಹೆಸರು ಅಳಿಸಿಹೋಗಿದೆ, ಲೆಕ್ಕ ಉಳಿದಿದೆ. ಊರಿನ ನಾಟಕಕ್ಕೆ ಇಷ್ಟು ಸುರಿದವನು ಊರಿಗೆ ದ್ರೋಹ ಬಗೆದಾನೇ ಎಂಬುದು ಅವನ ವಾದದ ತಿರುಳು.

ಈ ವಾದ ಹಚ್ಚೊಳ್ಳಿ ಸೀಮೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಹೋಬಳಿ ಊರು ಹಚ್ಚೊಳ್ಳಿ. ತುಂಗಭದ್ರೆಯ ಆಚೆ ದಡ ರಾಯಚೂರು ಜಿಲ್ಲೆ, ಮೂಡಲಿಗೆ ಹೋದರೆ ಆಂಧ್ರದ ಗಡಿ. ಭತ್ತದ ನಾಡು. ಮಾತು ಕನ್ನಡ, ಅದರ ಮಗ್ಗುಲಲ್ಲೇ ತೆಲುಗು. ಈ ಕಡೆಯ ಹಳ್ಳಿಗಳಲ್ಲಿ ಬಯಲಾಟ ಅಂದರೆ ದೊಡ್ಡಾಟ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಗುಡಿಯ ಕಟ್ಟೆಯ ಮೇಲೆ ಮಾತು ಏಳುತ್ತದೆ: ಈ ಸಲ ಯಾವ ಆಟ? ಕರ್ಣಾರ್ಜುನರ ಕಾಳಗವೋ, ಗಿರಿಜಾ ಕಲ್ಯಾಣವೋ, ದ್ರೌಪದಿಯ ವಸ್ತ್ರಾಪಹರಣವೋ? ಮಾಸ್ತರನ್ನು ಕರೆಸುತ್ತಾರೆ. ಅವರು ದನಿ ಕೇಳಿ, ಮೈಕಟ್ಟು ನೋಡಿ ಪಾತ್ರ ಹಂಚುತ್ತಾರೆ. ಪಟ್ಟಿ ಎತ್ತುತ್ತಾರೆ. ಪಾತ್ರ ಮಾಡುವವನೂ ತನ್ನ ಪಾಲು ಹಾಕಬೇಕು, ಅಂದರೆ ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ರೊಕ್ಕ ಕೊಟ್ಟು ಕುಣಿಯುತ್ತಾನೆ. ಆಮೇಲೆ ತಿಂಗಳುಗಟ್ಟಲೆ ರಾತ್ರಿ ತಾಲೀಮು. ಹಗಲೆಲ್ಲ ಗದ್ದೆಯಲ್ಲಿ ಬಗ್ಗಿದವನು ರಾತ್ರಿ ಕರ್ಣನ ಮಾತನ್ನು ಕಿವಿಯಿಂದಲೇ ಕಲಿಯುತ್ತಾನೆ. ಓದು ಬರಹ ಬಾರದವನ ಬಾಯಲ್ಲಿ ನಡುಗನ್ನಡದ ಪದ್ಯ ಮುಕ್ಕಾಗದೆ ಬರುತ್ತದೆ.

ಆಟದ ದಿನ ಬಯಲಲ್ಲಿ ಅಟ್ಟ ಏಳುತ್ತದೆ. ಕಿರೀಟ, ಭುಜಕೀರ್ತಿ, ಎದೆಹಾರ ಬಾಡಿಗೆಗೆ ಬರುತ್ತವೆ. ಗಣಪತಿ, ಶಾರದೆಯ ಸ್ತುತಿ ಮುಗಿದ ಮೇಲೆ ಸಾರಥಿ ಬರುತ್ತಾನೆ. ಬರುವ ಒಬ್ಬೊಬ್ಬ ರಾಜನನ್ನೂ ಅವನು ತಡೆದು ಕೇಳುತ್ತಾನೆ: ನೀನು ಯಾರು, ನಿನ್ನ ಊರು ಯಾವುದು, ಇಲ್ಲಿಗೆ ಬಂದ ಕಾರಣವೇನು? ರಾಜ ತನ್ನ ಬಿರುದಾವಳಿ ಒಪ್ಪಿಸಲೇಬೇಕು. ನಡುವೆ ಬೀಗರು, ಅಳಿಯಂದಿರು ಅಟ್ಟ ಹತ್ತಿ ತಮ್ಮ ಹುಡುಗನಿಗೆ ಬಟ್ಟೆ, ಉಂಗುರ, ನೋಟು ಕೊಟ್ಟು ಇಳಿಯುತ್ತಾರೆ. ಯುದ್ಧ ಅಷ್ಟು ಹೊತ್ತು ನಿಂತಿರುತ್ತದೆ, ಯಾರಿಗೂ ಬೇಸರವಿಲ್ಲ. ಹೊತ್ತು ಹುಟ್ಟುವ ಹೊತ್ತಿಗೆ ಆಟ ಮುಗಿಯುತ್ತದೆ, ಚಹದ ಅಂಗಡಿಯಲ್ಲಿ ತೀರ್ಪು ಶುರುವಾಗುತ್ತದೆ. ‘ಕರ್ಣ ಚಲೋ ಮಾಡಿದ, ಅರ್ಜುನಗ ದನಿ ಸಾಲಲಿಲ್ಲ’ ಎಂಬ ಮಾತು ಆ ಅರ್ಜುನನನ್ನು ಮುಂದಿನ ಸುಗ್ಗಿಯ ತನಕ ಬಿಡುವುದಿಲ್ಲ.

ಪ್ರಾಚೀನ ಗ್ರೀಕ್ ಸಾಹಿತ್ಯವನ್ನು ನಾವು ಕಾಲೇಜಿನಲ್ಲಿ ಓದಿದ್ದು ಪಠ್ಯವಾಗಿ. ಅರಿಸ್ಟಾಟಲ್ ಹೇಳಿದ ಕರುಣೆ, ಭಯ, ಭಾವಶೋಧನೆ, ನಾಯಕನ ದೋಷ, ಇವಕ್ಕೆ ತಲಾ ಐದು ಅಂಕ. ನನ್ನ ಮಟ್ಟಿಗೆ ಆ ಸಾಹಿತ್ಯವನ್ನು ಅರಿಯಲು ಈ ದೊಡ್ಡಾಟದ ಕಟ್ಟೆಯೇ ಒಳ್ಳೆಯ ಬಾಗಿಲು. ಅಥೆನ್ಸಿನಲ್ಲೂ ಸಾಹಿತ್ಯ ಅಂದರೆ ಊರು ಸೇರಿ ಮಾಡುವ ಕೆಲಸವಾಗಿತ್ತು. ಒಬ್ಬನೇ ಕೂತು ಓದುವುದು ಆಮೇಲಿನ ಮಾತು.

ವಸಂತದ ಆರಂಭದಲ್ಲಿ ಡಯೋನೈಸಸ್ ದೇವರ ದೊಡ್ಡ ಹಬ್ಬ. ಆ ವರ್ಷದ ಮುಖ್ಯ ಅಧಿಕಾರಿ ಮೂವರು ರುದ್ರನಾಟಕ ಕವಿಗಳನ್ನು ಆರಿಸುತ್ತಿದ್ದ. ಒಬ್ಬೊಬ್ಬ ಕವಿಯದೂ ಮೂರು ರುದ್ರನಾಟಕ, ಮೇಲೊಂದು ನಗೆಯಾಟ. ಹಾಸ್ಯನಾಟಕದ ಕವಿಗಳು ಬೇರೆ. ಒಬ್ಬೊಬ್ಬ ಕವಿಗೂ ಒಬ್ಬ ಸಾಹುಕಾರನನ್ನು ಗಂಟುಹಾಕುತ್ತಿದ್ದರು. ಮೇಳದವರ ಊಟ, ತಾಲೀಮು, ವೇಷಭೂಷಣದ ಖರ್ಚೆಲ್ಲ ಅವನದು. ತನಗಿಂತ ಇನ್ನೊಬ್ಬ ಹೆಚ್ಚು ಸಿರಿವಂತ, ಅವನೇ ಮಾಡಲಿ ಎಂದು ಯಾರಾದರೂ ನುಣುಚಿಕೊಳ್ಳಲು ನೋಡಿದರೆ ಕಾನೂನಿನ ಉತ್ತರ ಗಟ್ಟಿಯಾಗಿತ್ತು: ಆ ಇನ್ನೊಬ್ಬ ಒಪ್ಪದಿದ್ದರೆ ಇಬ್ಬರೂ ಆಸ್ತಿ ಅದಲುಬದಲು ಮಾಡಿಕೊಳ್ಳಿ! ನಮ್ಮ ಹಳ್ಳಿಗಳ ಪಟ್ಟಿ ಎತ್ತುವವರು ಈ ಕಾನೂನು ಕೇಳಿದ್ದರೆ ಎಷ್ಟೋ ಜಗಳ ಒಂದೇ ರಾತ್ರಿಯಲ್ಲಿ ಬಗೆಹರಿಯುತ್ತಿದ್ದವು.

ಹಾಡುಮೇಳಗಳ ಸ್ಪರ್ಧೆ ಇನ್ನೂ ದೊಡ್ಡದು. ಅಥೆನ್ಸಿನ ಪ್ರಜೆಗಳನ್ನು ಹತ್ತು ಪಂಗಡಗಳಾಗಿ ಹಂಚಲಾಗಿತ್ತು. ಒಂದೊಂದು ಪಂಗಡದಿಂದ 50 ಗಂಡಸರ ಒಂದು ಮೇಳ, 50 ಹುಡುಗರ ಇನ್ನೊಂದು ಮೇಳ. ಲೆಕ್ಕ ಹಾಕಿದರೆ ಒಂದೇ ಹಬ್ಬಕ್ಕೆ ಸಾವಿರ ಮಂದಿ ಹಾಡಿ ಕುಣಿಯುತ್ತಿದ್ದರು. ರುದ್ರನಾಟಕದ ಮೇಳದಲ್ಲಿ ಮೊದಲು 12 ಜನ, ಆಮೇಲೆ 15. ಇವರು ಯಾರೂ ಕಸುಬಿನ ಕಲಾವಿದರಲ್ಲ, ಊರಿನ ಪ್ರಜೆಗಳು. ನೋಡುವವರಲ್ಲಿ ಎಷ್ಟೋ ಮಂದಿ ಹಿಂದೊಮ್ಮೆ ಮೇಳದಲ್ಲಿ ಕುಣಿದವರೇ. ಹೀಗಾಗಿ ಕವಿ ಎಲ್ಲಿ ಜಾರಿದ, ಮೇಳ ಎಲ್ಲಿ ತಾಳ ತಪ್ಪಿತು ಎಂಬುದು ಅವರಿಗೆ ತಿಳಿಯುತ್ತಿತ್ತು. ತೀರ್ಪುಗಾರರೂ ಪಂಡಿತರಲ್ಲ. ಪಂಗಡಕ್ಕೆ ಒಬ್ಬರಂತೆ ಹತ್ತು ಜನರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಗೆದ್ದ ಕವಿಗೆ ಐವಿ ಬಳ್ಳಿಯ ಕಿರೀಟ.

ಈ ನಾಟಕ, ಹಾಡುಮೇಳಗಳ ಸ್ಪರ್ಧೆಗಿಂತ ಹಳೆಯದು ಹೋಮರನ ಕಾವ್ಯ. ಅಥೀನಾ ದೇವಿಯ ಹಬ್ಬದಲ್ಲಿ ವಾಚಕರು ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಂಡು ಅದನ್ನು ಹಾಡಬೇಕೆಂಬ ನೇಮವಿತ್ತು. ಸೇನಾಪತಿ ನಿಕಿಯಾಸನ ಮಗ, ‘ನಾನು ಒಳ್ಳೆಯ ಮನುಷ್ಯನಾಗಲೆಂದು ಅಪ್ಪ ನನಗೆ ಇಡೀ ಹೋಮರನನ್ನು ಬಾಯಿಪಾಠ ಮಾಡಿಸಿದ’ ಎಂಬ ಅರ್ಥದಲ್ಲಿ ಹೇಳುವುದನ್ನು ಕ್ಸೆನೊಫೋನ್ ಬರೆದಿದ್ದಾನೆ. ಬಳ್ಳಾರಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಗಮಕಿಯೂ ನಟರೂ ಆಗಿದ್ದ ಜೋಳದರಾಶಿ ದೊಡ್ಡನಗೌಡರ ವಾಚನ ಕೇಳಿದ ತಲೆಮಾರು ಇಲ್ಲಿ ಇತ್ತು. ಭಾರತ ಓದಿಸಿದರೆ ಮಳೆ ಬರುತ್ತದೆ ಎಂದು ನಂಬಿ ವಿರಾಟಪರ್ವ ಓದಿಸಿದ ಊರುಗಳು ಕರ್ನಾಟಕದಲ್ಲಿ ಎಷ್ಟೋ. ಅಥೆನ್ಸಿನವರಿಗೆ ಹೋಮರ ನೀತಿಪಾಠ, ನಮ್ಮವರಿಗೆ ಭಾರತ ಮಳೆ. ಕಾವ್ಯಕ್ಕೆ ಕೆಲಸ ಕೊಡುವುದರಲ್ಲಿ ನಾವೇ ಒಂದು ಕೈ ಮೇಲು.

ಇಷ್ಟರ ತನಕ ಹೋಲಿಕೆ ಸಲೀಸಾಗಿ ನಡೆಯುತ್ತದೆ. ಇಲ್ಲಿಂದ ಮುಂದೆ ಅಥೆನ್ಸ್ ಬೇರೆ ದಾರಿ ಹಿಡಿಯುತ್ತದೆ. ನಾವು ಕಣ್ಣಿಟ್ಟು ನೋಡಬೇಕಾದದ್ದು ಅದನ್ನೇ.

ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಮಿಲೆಟಸ್ ಎಂಬ ಗ್ರೀಕ್ ನಗರವನ್ನು ಹಾಳುಗೆಡವಿದರು. ಅದು ಅಥೆನ್ಸಿಗೆ ರಕ್ತಸಂಬಂಧದ ಊರು. ಸ್ವಲ್ಪ ಕಾಲದಲ್ಲೇ ಫ್ರಿನಿಕಸ್ ಎಂಬ ಕವಿ ಅದನ್ನೇ ನಾಟಕ ಮಾಡಿದ. ನೋಡಿದವರೆಲ್ಲ ಅತ್ತರು. ಅತ್ತು, ಕವಿಗೆ 1000 ದ್ರಾಕ್ಮ ದಂಡ ಹಾಕಿದರು. ನಮ್ಮದೇ ಸಂಕಟವನ್ನು ನೆನಪಿಸಿದ ಎಂಬುದು ಅಪರಾಧ. ಆ ನಾಟಕವನ್ನು ಮತ್ತೆ ಯಾರೂ ಆಡಕೂಡದೆಂದೂ ಕಟ್ಟಳೆ ಮಾಡಿದರು. ಇದು ಹೆರೊಡೋಟಸ್ ದಾಖಲಿಸಿದ ಸಂಗತಿ. ಒಂದು ನಾಟಕದಿಂದ ಊರಿಗೆ ಊರೇ ಇಷ್ಟು ಕಲಕಿಹೋಗಬೇಕಾದರೆ ಅದು ವಿರಾಮದ ರಂಜನೆಯಾಗಿರಲು ಸಾಧ್ಯವಿಲ್ಲ.

ಅದೇ ಕಾಲದ ಇನ್ನೊಬ್ಬ ಕವಿ ಈಸ್ಕಿಲಸ್ ಬೇರೆ ಬಗೆಯಲ್ಲಿ ನಡೆದ. ಅವನು ಮ್ಯಾರಥಾನ್ ಕದನದಲ್ಲಿ ಸ್ವತಃ ಕಾದಿದವನು. ಕ್ರಿ.ಪೂ. 480ರಲ್ಲಿ ಸಲಾಮಿಸ್ ಬಳಿಯ ಕಡಲ ಕಾಳಗದಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು. ಎಂಟೇ ವರ್ಷದ ಬಳಿಕ, ಕ್ರಿ.ಪೂ. 472ರಲ್ಲಿ, ಅವನು ಆ ಯುದ್ಧದ ಕಥೆಯನ್ನು ಶತ್ರುವಿನ ಅರಮನೆಯಿಂದ ಹೇಳಿದ. ರಂಗದ ಮೇಲೆ ಪರ್ಷಿಯದ ಮುದಿ ಮಂತ್ರಿಗಳು, ಮಗನ ದಾರಿ ಕಾಯುವ ರಾಜಮಾತೆ, ಕೊನೆಗೆ ಹರಿದ ಬಟ್ಟೆಯಲ್ಲಿ ಬರುವ ಸೋತ ದೊರೆ. ಗೆದ್ದವರು ಕೂತು ಸೋತವರ ಅಳು ನೋಡಿದರು, ಮೊದಲ ಬಹುಮಾನವನ್ನೂ ಕೊಟ್ಟರು. ಆ ನಾಟಕದ ಖರ್ಚು ಹೊತ್ತವನು ಆಗಿನ್ನೂ ಎಳೆ ಪ್ರಾಯದ ಪೆರಿಕ್ಲಿಸ್. ಮುಂದೆ ಅಥೆನ್ಸನ್ನು ಆಳಿದವನು ಅವನೇ. ಕನ್ನಡಕ್ಕೆ ಈ ನಾಟಕವನ್ನು 1935ರಲ್ಲಿ ‘ಪಾರಸಿಕರು’ ಎಂಬ ಹೆಸರಿನಲ್ಲಿ ತಂದವರು ಬಿ.ಎಂ. ಶ್ರೀಕಂಠಯ್ಯ.

ಕ್ರಿ.ಪೂ. 416ರ ಚಳಿಗಾಲದ ಹೊತ್ತಿಗೆ ಅದೇ ಅಥೆನ್ಸ್ ಮೆಲೋಸ್ ಎಂಬ ಸಣ್ಣ ದ್ವೀಪದ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿತ್ತು. 415ರ ವಸಂತದಲ್ಲಿ ಯೂರಿಪಿಡೀಸ್ ‘ಟ್ರಾಯ್‌ನ ಹೆಂಗಸರು’ ನಾಟಕ ಇಟ್ಟ. ಸುಟ್ಟ ಊರು, ಗಂಡಂದಿರನ್ನು ಕಳೆದುಕೊಂಡ ಹೆಂಗಸರು, ಯಾರು ಯಾರ ಪಾಲಿಗೆ ದಾಸಿಯಾಗುತ್ತಾಳೆಂಬ ಹಂಚಿಕೆ. ಕಥೆ ಪುರಾಣದ್ದೇ, ಮೆಲೋಸಿನ ಹೆಸರೇ ಇಲ್ಲ. ಆದರೆ ಆ ಬಯಲಲ್ಲಿ ಕೂತವರಲ್ಲಿ ಮೆಲೋಸಿಗೆ ಹಡಗು ಹತ್ತಿ ಹೋಗಿಬಂದವರೂ ಇದ್ದಿರಬೇಕಲ್ಲವೇ? ಎರಡನೇ ಬಹುಮಾನ ಬಂತು. ಮೊದಲನೆಯದನ್ನು ಪಡೆದ ಕವಿಯ ಒಂದು ನಾಟಕವೂ ಇಂದು ಉಳಿದಿಲ್ಲ.

ಹಾಸ್ಯದ ಕವಿ ಅರಿಸ್ಟೊಫೆನಿಸನ ಕಥೆ ಇನ್ನೂ ಸ್ವಾರಸ್ಯದ್ದು. ಊರಿನ ಮುಂದಾಳು ಕ್ಲಿಯೋನ್ ಇವನ ಮೇಲೆ ದೂರು ಕೊಟ್ಟ. ಇವನು ಜಗ್ಗಲಿಲ್ಲ. ಕ್ರಿ.ಪೂ. 424ರಲ್ಲಿ ಕ್ಲಿಯೋನನನ್ನೇ ಯಜಮಾನನನ್ನು ಮರುಳುಮಾಡುವ ಕಳ್ಳ ಸೇವಕನನ್ನಾಗಿ ಮಾಡಿ ರಂಗಕ್ಕೆ ತಂದ. ಯಜಮಾನ ಬೇರೆ ಯಾರೂ ಅಲ್ಲ, ಅಥೆನ್ಸಿನ ಪ್ರಜೆಗಳೇ. ಜನ ಹೊಟ್ಟೆತುಂಬ ನಕ್ಕು ಮೊದಲ ಬಹುಮಾನ ಕೊಟ್ಟರು. ಸ್ವಲ್ಪ ದಿನದಲ್ಲೇ ಅದೇ ಜನ ಕ್ಲಿಯೋನನನ್ನು ಸೇನಾಪತಿಯನ್ನಾಗಿ ಆರಿಸಿದರು. ಸಾಹಿತ್ಯ ಸಮಾಜವನ್ನು ಬದಲಿಸುತ್ತದೆ ಎಂದು ವೇದಿಕೆಯ ಮೇಲೆ ಸಲೀಸಾಗಿ ಹೇಳುವವರು ಈ ಒಂದು ಸಂಗತಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅಥೆನ್ಸಿನ ನಾಟಕ ಮತ ಬದಲಿಸಲಿಲ್ಲ. ಮತ ಕೊಟ್ಟವರು ತಮ್ಮ ಮುಖ ತಾವು ನೋಡಿಕೊಳ್ಳದೆ ತಪ್ಪಿಸಿಕೊಳ್ಳುವಂತಿರಲಿಲ್ಲ, ಅಷ್ಟೆ. ಪ್ಲೇಟೊನಂಥವನು ತನ್ನ ಆದರ್ಶ ರಾಜ್ಯದಿಂದ ಕವಿಗಳನ್ನು ಹೊರಗಿಡಬೇಕೆಂದು ವಾದಿಸಿದ್ದೂ ಕಾವ್ಯದ ಈ ಹಿಡಿತವನ್ನು ಬಲ್ಲವನಾದ್ದರಿಂದ.

ಊರಿಗೆ ಅದರ ಮುಖವನ್ನೇ ತೋರಿಸುವ ಈ ಗುಣ ದೊಡ್ಡಾಟದಲ್ಲಿ ಇದೆಯೇ? ಸಾರಥಿಯ ಬಾಯಲ್ಲಿ ಸ್ವಲ್ಪ ಇದೆ. ದುರ್ಯೋಧನನಿಗೆ ಮೂರು ಪ್ರಶ್ನೆ ಕೇಳುವ ನಡುವೆ ಪಂಚಾಯಿತಿ ನಲ್ಲಿ, ಕಾಲುವೆ ನೀರು, ರೇಶನ್ ಅಕ್ಕಿಯ ಮಾತು ತೂರಿಸಿ ಜನರನ್ನು ನಗಿಸುವುದು ಅವನ ಹಕ್ಕು. ಆಟದ ಒಡಲೊಳಗೆ ಮಾತ್ರ ಅದು ಇಳಿಯುವುದಿಲ್ಲ. ಕರ್ಣ ಸಾಯುತ್ತಾನೆ, ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತಾರೆ, ಆದರೆ ಹುಟ್ಟಿನ ಕಾರಣಕ್ಕೆ ಅವಮಾನ ಉಂಡ ಆ ಕರ್ಣ ನಮ್ಮ ಯಾವ ಕೇರಿಯವನು ಎಂದು ಯಾರೂ ಅಟ್ಟದ ಮೇಲಿಂದ ಕೇಳುವುದಿಲ್ಲ. ಯಾವ ಕೇರಿಯವರಿಗೆ ಯಾವ ಪಾತ್ರ, ಯಾರು ಎಲ್ಲಿ ಕೂತು ನೋಡಬೇಕು ಎಂಬ ಪ್ರಶ್ನೆಗೆ ಹಳ್ಳಿಗಳು ಕೊಟ್ಟ ಉತ್ತರ ಹೆಮ್ಮೆಪಡುವಂಥದ್ದಲ್ಲ. ಅಥೆನ್ಸನ್ನೂ ಇಲ್ಲಿ ಹಾಡಿಹೊಗಳಬೇಕಿಲ್ಲ. ಅಂತಿಗೊನೆ, ಮೀಡಿಯ, ಹೆಕುಬರಂಥ ಹೆಂಗಸರನ್ನು ಸೃಷ್ಟಿಸಿದ ಆ ರಂಗದ ಮೇಲೆ ಒಬ್ಬ ಹೆಂಗಸೂ ನಿಲ್ಲಲಿಲ್ಲ. ಮುಖವಾಡ ಕಟ್ಟಿಕೊಂಡು ಆಡಿದವರೆಲ್ಲ ಗಂಡಸರು. ಗುಲಾಮರ ದುಡಿಮೆಯ ಮೇಲೆ ನಿಂತ ನಗರ ಅದು. ನಮ್ಮ ಕಡೆ ಹೆಂಗಸರು ರಂಗ ಹತ್ತಿದ್ದು ತಡವಾಗಿ, ಆದರೆ ಹತ್ತಿದವರು ಅಂಥಿಂಥವರಲ್ಲ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರು ‘ರಕ್ತರಾತ್ರಿ’ ನಾಟಕದ ದ್ರೌಪದಿಯಾಗಿ ನಿಂತರೆ ಬಯಲು ಉಸಿರು ಹಿಡಿಯುತ್ತಿತ್ತು.

ಗ್ರೀಕ್ ಬಗೆಯ ದುರಂತ ನಾಟಕ ಬಳ್ಳಾರಿಗೆ ಬಂದ ದಾರಿಯೂ ಗಮನಿಸುವಂಥದ್ದು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ಮೊದಲು ಈ ಜಿಲ್ಲೆ ಮದರಾಸು ಪ್ರಾಂತದ್ದು. ಕೋರ್ಟು ಇದ್ದ ಊರಲ್ಲಿ ವಕೀಲರಿದ್ದರು, ವಕೀಲರಿಗೆ ನಾಟಕದ ಹುಚ್ಚಿತ್ತು. ಧರ್ಮವರಂ ಕೃಷ್ಣಮಾಚಾರ್ಯರು ಇಲ್ಲಿಯೇ ಸರಸ ವಿನೋದಿನಿ ಸಭೆ ಕಟ್ಟಿ, ತೆಲುಗಿನ ಮೊದಲ ದುರಂತ ನಾಟಕವೆಂದು ಹೆಸರಾದ ‘ವಿಷಾದ ಸಾರಂಗಧರ’ ಬರೆದರು. ನಾಟಕ ಸಾವಿನಲ್ಲಿ ಮುಗಿಯಬಾರದೆಂಬ ಸಂಸ್ಕೃತದ ಕಟ್ಟಳೆಯನ್ನು ಮುರಿದದ್ದು ಒಂದು ಗಡಿ ಜಿಲ್ಲೆಯ ಹವ್ಯಾಸಿ ಸಂಘ. ಅವರ ಜತೆಗಾರ ವಕೀಲ, ಹಂಪಿಯ ಬಳಿಯ ಕಮಲಾಪುರ ಮೂಲದ ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮ ಸಭೆಯನ್ನು ನಡೆಸಿದರು. 1908ರಲ್ಲಿ ಇಂಗ್ಲಿಷಿನಲ್ಲಿ ಜಗತ್ತಿನ ನಾಟಕದ ಚರಿತ್ರೆಯನ್ನೇ ಪುಸ್ತಕ ಮಾಡಿದರು. ಅದೇ ರಾಯರು ವಿಜಯನಗರದ ಪತನವನ್ನು ನಾಟಕವಾಗಿಸಿದರು. ಈಸ್ಕಿಲಸ್ ಮಾಡಿದ ಕೆಲಸವೂ ಅದೇ ಜಾತಿಯದು: ತನ್ನ ನೆಲದ ಚರಿತ್ರೆಯನ್ನು ಪುರಾಣದ ಎತ್ತರಕ್ಕೆ ಏರಿಸಿ ಆಡುವುದು. ಆ ನಾಟಕದಲ್ಲಿ ಪಠಾಣ ರುಸ್ತುಮನ ಪಾತ್ರ ಮಾಡಿ ಹೆಸರಾದವರು ಕೃಷ್ಣಮಾಚಾರ್ಯರ ಸೋದರಳಿಯ ಬಳ್ಳಾರಿ ರಾಘವರು. ಅವರೂ ವಕೀಲರೇ. ಅವರ ಹೆಸರಿನ ಕಲಾಮಂದಿರ ಬಳ್ಳಾರಿಯಲ್ಲಿದೆ.

ಕನ್ನಡದ ಕಡೆ 1926 ನೆನಪಿಡಬೇಕಾದ ವರ್ಷ. ಬಳ್ಳಾರಿಯಲ್ಲಿ ಫ.ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಅದೇ ವರ್ಷ ಬಿ.ಎಂ.ಶ್ರೀ ಅವರು ರನ್ನನ ಕಾವ್ಯವನ್ನು ಗ್ರೀಕ್ ರುದ್ರನಾಟಕದ ಕಣ್ಣಿನಿಂದ ನೋಡಿ ‘ಗದಾಯುದ್ಧ ನಾಟಕಂ’ ಹೊರತಂದರು. 1929ರಲ್ಲಿ ‘ಅಶ್ವತ್ಥಾಮನ್’. ಸೊಫೊಕ್ಲಿಸನ ಏಜಾಕ್ಸ್ ಇಲ್ಲಿ ಅಶ್ವತ್ಥಾಮನಾದ. ಚಿರಂಜೀವಿಯೆಂದು ಪುರಾಣ ಸಾರಿದವನನ್ನು ಬಿ.ಎಂ.ಶ್ರೀ ಸಾಯಿಸಿದರು. ಪಂಡಿತರಿಗೆ ಅದು ಹಿಡಿಸಲಿಲ್ಲ. ಎದೆಗಾರಿಕೆಯ ಕೆಲಸವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಳಗನ್ನಡದ ಆ ನಾಟಕ ತರಗತಿಯ ಕೋಣೆಯಲ್ಲಿ ಉಳಿಯಿತು. ಅದೇ ಅಶ್ವತ್ಥಾಮ, ಅದೇ ರಾತ್ರಿಯ ಕೊಲೆಗಳು ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯಾಗಿ ಉತ್ತರ ಕರ್ನಾಟಕದ ಜಾತ್ರೆ ಜಾತ್ರೆಗಳಲ್ಲಿ ಆಡಿದವು. ಗ್ರೀಕ್ ನಾಟಕಕ್ಕೆ ಹೆಚ್ಚು ಹತ್ತಿರವಾದದ್ದು ಇವೆರಡರಲ್ಲಿ ಯಾವುದು? ಬರಹದಲ್ಲಿ ಬಿ.ಎಂ.ಶ್ರೀ, ಬದುಕಿನಲ್ಲಿ ಕಂದಗಲ್ಲರು ಎಂಬುದು ನನ್ನ ಎಣಿಕೆ. ಎರಡೂ ಒಂದೆಡೆ ಕೂಡಿದ್ದು ಆಮೇಲೆ. 1972ರಲ್ಲಿ ಲಂಕೇಶರು ಕನ್ನಡಿಸಿದ ಈಡಿಪಸ್ ನಾಟಕವನ್ನು ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಲ್ಲಿ ಆಡಿಸಿದಾಗ ಗ್ರೀಕ್ ಮಾತು ಕನ್ನಡದ ಬಯಲಿಗೆ ನಿಜವಾಗಿ ಇಳಿಯಿತು.

ಇಲ್ಲೊಂದು ಅಡ್ಡಮಾತು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಪಪೈರಸ್ ಹಾಳೆಯೊಂದರಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದು ಅಚ್ಚಾದದ್ದು 1903ರಲ್ಲಿ. ಭಾರತದ ಕಡಲತೀರದಲ್ಲಿ ಸೆರೆಯಾದ ಗ್ರೀಕ್ ಹುಡುಗಿ, ಮದ್ಯ ಕುಡಿದು ಮರುಳಾದ ಅಲ್ಲಿನ ರಾಜ, ಅವನ ಬಾಯಲ್ಲಿ ಗ್ರೀಕರಿಗೆ ತಿಳಿಯದ ಮಾತು. ಆ ಮಾತು ಕನ್ನಡವೆಂದು ಹುಲ್ಷ್ ಎಂಬ ವಿದ್ವಾಂಸರು ಊಹಿಸಿದರು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಕನ್ನಡವೋ ಅಲ್ಲವೋ, ಆ ಪ್ರಹಸನ ಅಣಕಿಸುವುದು ಯೂರಿಪಿಡೀಸನ ನಾಟಕವೊಂದನ್ನು. ಕವಿ ಸತ್ತು ಐದುನೂರು ವರ್ಷದ ಬಳಿಕ, ಕಡಲಾಚೆಯ ಒಂದು ಪಟ್ಟಣದ ಕುಚೋದ್ಯದ ಆಟದಲ್ಲೂ ಜನ ಆ ಅಣಕವನ್ನು ಗುರುತಿಸಿ ನಗಬಲ್ಲವರಾಗಿದ್ದರು. ಪ್ಲೂಟಾರ್ಕ್ ಇನ್ನೊಂದು ಕಥೆ ಹೇಳುತ್ತಾನೆ: ಸಿಸಿಲಿಯ ಯುದ್ಧದಲ್ಲಿ ಸೋತು ಸೆರೆಯಾದ ಅಥೆನ್ಸಿನ ಸೈನಿಕರಲ್ಲಿ ಯೂರಿಪಿಡೀಸನ ಪದ್ಯ ಬಲ್ಲವರು ಅದನ್ನು ಹಾಡಿ ಅನ್ನ ನೀರು ಪಡೆದರಂತೆ, ಕೆಲವರು ಬಿಡುಗಡೆಯನ್ನೂ ಪಡೆದರಂತೆ.

ಬಾಯಲ್ಲಿ ಇಷ್ಟು ಗಟ್ಟಿಯಾಗಿದ್ದದ್ದು ಹಾಳೆಯ ಮೇಲೆ ಎಷ್ಟು ಉಳಿಯಿತು? ಸೊಫೊಕ್ಲಿಸ್ ಬರೆದ ನಾಟಕಗಳು 120ರ ಆಸುಪಾಸು, ಪೂರ್ತಿಯಾಗಿ ಇಂದು ಇರುವುದು 7. ಈಸ್ಕಿಲಸ್ 70ಕ್ಕೂ ಹೆಚ್ಚು ಬರೆದ, ಅವನ ಹೆಸರಿನಲ್ಲಿರುವುದೂ 7. ಯೂರಿಪಿಡೀಸನ 90ರಷ್ಟು ನಾಟಕಗಳಲ್ಲಿ ಉಳಿದವು 20 ತುಂಬುವುದಿಲ್ಲ. ಈ ಮೂವರೂ ತೀರಿಹೋಗಿ ಬಹುಕಾಲದ ಬಳಿಕ, ಕ್ರಿ.ಪೂ. 330ರ ದಶಕದ ಹೊತ್ತಿಗೆ, ಲೈಕರ್ಗಸ್ ಎಂಬ ಆಡಳಿತಗಾರ ಎಚ್ಚೆತ್ತ. ಮೂವರ ನಾಟಕಗಳ ಅಧಿಕೃತ ಪ್ರತಿ ಮಾಡಿಸಿ ಸರಕಾರದ ಭಂಡಾರದಲ್ಲಿಟ್ಟು, ನಟರು ಅದಕ್ಕೆ ಬದ್ಧರಾಗಬೇಕೆಂದು ಕಾನೂನು ತಂದ. ಅಲ್ಲಿಯ ತನಕ ನಟರು ಮನಬಂದಂತೆ ಸೇರಿಸಿ ಕಳೆದು ಆಡುತ್ತಿದ್ದರು. ಮುಂದೆ ಈಜಿಪ್ಟಿನ ದೊರೆ ಮೂರನೇ ಟಾಲೆಮಿ ಆ ಪ್ರತಿಗಳನ್ನು 15 ಟ್ಯಾಲೆಂಟ್ ಬೆಳ್ಳಿ ಒತ್ತೆಯಿಟ್ಟು ಎರವಲು ತಂದು, ಅಂದವಾಗಿ ನಕಲು ಮಾಡಿಸಿ, ನಕಲನ್ನು ಹಿಂದಕ್ಕೆ ಕಳಿಸಿ ಮೂಲವನ್ನು ತಾನೇ ಇಟ್ಟುಕೊಂಡನೆಂದು ವೈದ್ಯ ಗೇಲನ್ ಬರೆದಿದ್ದಾನೆ. ಒತ್ತೆ ಹೋದರೆ ಹೋಗಲಿ ಎಂದನಂತೆ. ಪುಸ್ತಕ ಎರವಲು ಕೊಡುವವರ ಪಾಡು ಎರಡು ಸಾವಿರ ವರ್ಷದಿಂದ ಬದಲಾಗಿಲ್ಲ.

ದೊಡ್ಡಾಟಕ್ಕೆ ಲೈಕರ್ಗಸ್ ಇನ್ನೂ ಬೇಕು. ರೊಕ್ಕ ಹಾಕುವವರು, ಕುಣಿಯುವವರು, ಕಲಿಸುವ ಮಾಸ್ತರು, ಬೆಳಗಿನ ತನಕ ಕೂತು ನೋಡಿ ತೀರ್ಪು ಕೊಡುವವರು, ಇವೆಲ್ಲವನ್ನೂ ಬಳ್ಳಾರಿಯ ಹಳ್ಳಿಗಳು ಯಾರ ಪುಸ್ತಕವನ್ನೂ ಓದದೆ ತಾವೇ ಕಟ್ಟಿಕೊಂಡವು. ಇಲ್ಲದ್ದು ಆಟದ ಪ್ರತಿಗೆ ಒಂದು ನೆಲೆ. ಒಂದೊಂದು ಆಟವೂ ಮಾಸ್ತರ ಕೈಬರಹದ ನೋಟುಬುಕ್ಕಿನಲ್ಲಿರುತ್ತದೆ. ಅಂಚು ಹರಿದ, ಅರಿಶಿನ ಕುಂಕುಮ ಹತ್ತಿದ, ಕಂದಿದ ಹಾಳೆಗಳು. ಮಾಸ್ತರು ತೀರಿಕೊಂಡರೆ ಅದು ಟ್ರಂಕಿಗೆ ಹೋಗುತ್ತದೆ, ಮನೆ ಹೊಸದಾದಾಗ ರದ್ದಿಗೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ, ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿಯಿದೆ. ಅವು ಎಲ್ಲ ಊರಿನ ಎಲ್ಲ ಟ್ರಂಕು ತೆರೆಯಲಾರವು.

ಹಚ್ಚೊಳ್ಳಿ, ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು ಕಡೆಯ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲೋ ನಿಮ್ಮೂರಿನ ಮಾಸ್ತರ ಮನೆಯಲ್ಲೋ ಆಟದ ಪ್ರತಿ ಇದ್ದರೆ ಈ ವಾರವೇ ಕೇಳಿ ತೆಗೆಸಿ. ಪುಟ ಪುಟವೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಬರೆದವರು ಯಾರು, ಕಲಿಸಿದವರು ಯಾರು, ಯಾವ ವರ್ಷ ಯಾವ ಊರಲ್ಲಿ ಆಡಿದ್ದು ಎಂಬುದನ್ನು ಗೊತ್ತಿದ್ದಷ್ಟು ಬರೆದಿಡಿ. ಒಂದು ನಕಲನ್ನು ವಿಶ್ವವಿದ್ಯಾಲಯಕ್ಕೋ ಅಕಾಡೆಮಿಗೋ ಕಳಿಸಿ. ಮೂಲವನ್ನು ಮಾತ್ರ ಯಾರಿಗೂ ಎರವಲು ಕೊಡಬೇಡಿ.